ಗಡಿ ಕಾಯ್ದು ಬಂದವರಿಗೆ ಊರಲ್ಲೊಂದು ಮನೆ: ಯಾವ ಯೋಜನೆ, ಯಾವ ಕಾಗದ, ಯಾವ ಕಚೇರಿ



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಪಟ್ಟಣಗಳಿಂದಲೂ ಝರಾಸಂಗಂ ಮಂಡಲದ ಹಳ್ಳಿಗಳಿಂದಲೂ ಸೈನ್ಯಕ್ಕೆ ಸೇರಿ, ಸೇವೆ ಮುಗಿಸಿ ಬಂದವರು ನಮ್ಮ ನಡುವೆ ಇದ್ದಾರೆ. ಊರಲ್ಲಿ ಅವರನ್ನು ‘ಮಿಲಿಟ್ರಿಯವರು’, ‘ಫೌಜಿ ಕಾಕಾ’ ಎಂದು ಗುರುತಿಸುತ್ತೇವೆ. ಆಗಸ್ಟ್ 15, ಜನವರಿ 26, ನವೆಂಬರ್ 1ರ ಸಮಾರಂಭಗಳಲ್ಲಿ ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಅವರ ಮನೆಯ ವಿಷಯ ಮಾತ್ರ ನಮ್ಮ ಸಭೆಗಳಲ್ಲಿ ಬರುವುದು ಅಪರೂಪ. ಸೈನಿಕರೆಂದರೆ ಪಿಂಚಣಿ ಇದೆ, ಕ್ಯಾಂಟೀನ್ ಇದೆ, ಸರ್ಕಾರ ಜಾಗವನ್ನೂ ಕೊಟ್ಟಿರುತ್ತದೆ ಎಂದು ನಮ್ಮಲ್ಲಿ ಬಹಳ ಜನ ತಿಳಿದುಕೊಂಡಿದ್ದಾರೆ.

ನಿಜ ಸಂಗತಿ ಅಷ್ಟು ಸರಳವಾಗಿಲ್ಲ. ಮಾಜಿ ಸೈನಿಕರಲ್ಲಿ ಒಂದು ಭಾಗ ಬಡವರ ಮನೆ ಯೋಜನೆಗೂ ಸೇರುವುದಿಲ್ಲ, ಮಾರುಕಟ್ಟೆಯ ಬೆಲೆಗೂ ಎಟಕುವುದಿಲ್ಲ. ಇನ್ನೊಂದು ಭಾಗಕ್ಕೆ ಅರ್ಹತೆ ಇದ್ದರೂ ಕಾಗದಪತ್ರ ಹೊಂದುವುದಿಲ್ಲ. ಗಡಿಭಾಗದಲ್ಲಿ ಈ ಎರಡನೆಯ ತೊಂದರೆ ಹೆಚ್ಚು. ಹೀಗೇಕಾಗುತ್ತದೆ, ಯಾವ ದಾರಿಗಳಿವೆ, ನಾವು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ಸ್ವಲ್ಪ ದೀರ್ಘವಾದರೂ ಪೂರ್ತಿ ಓದಬೇಕೆಂದು ಕೋರುತ್ತೇವೆ.

ಮನೆ ಇಲ್ಲದವರು ಎಂದರೆ ಯಾರು?

ಜನಗಣತಿಯ ಲೆಕ್ಕದಲ್ಲಿ ರಸ್ತೆ ಬದಿ, ಫುಟ್‌ಪಾತು, ಮೇಲ್ಸೇತುವೆಯ ಕೆಳಗೆ, ರೈಲ್ವೆ ಪ್ಲಾಟ್‌ಫಾರಂ, ದೇವಸ್ಥಾನದ ಬಯಲು ಅಥವಾ ಮಂಟಪಗಳಲ್ಲಿ ವಾಸಿಸುವವರು ಮನೆ ಇಲ್ಲದವರು. 2011ರ ಜನಗಣತಿಯಲ್ಲಿ ದೇಶದಲ್ಲಿ ಇಂಥವರು 17.7 ಲಕ್ಷ ಜನ ಇದ್ದರು. ಝರಾಸಂಗಂನ ಕೇತಕಿ ಸಂಗಮೇಶ್ವರ ಗುಡಿಗೆ ಶಿವರಾತ್ರಿ ಜಾತ್ರೆಗೆ ಬಂದು ರಾತ್ರಿ ಅಲ್ಲೇ ಮಲಗುವವರಿಗೆ ಮರುದಿನ ಹಿಂತಿರುಗಲು ಒಂದು ಮನೆ ಇರುತ್ತದೆ. ಜಾತ್ರೆ ಮುಗಿದ ಮೇಲೂ ಅಲ್ಲೇ ಉಳಿಯುವವರು ಈ ಲೆಕ್ಕಕ್ಕೆ ಸೇರುತ್ತಾರೆ. ಆದರೆ ಅವರಲ್ಲಿ ಸೈನ್ಯದಲ್ಲಿ ಇದ್ದು ಬಂದವರು ಎಷ್ಟು ಎಂದು ಆ ಜನಗಣತಿಯಿಂದ ತಿಳಿಯಲು ಬರುವುದಿಲ್ಲ. ಅದರಲ್ಲಿ ಅಂಥ ಪ್ರಶ್ನೆಯೇ ಇರಲಿಲ್ಲ.

ನಮ್ಮ ಕಡೆ ಮಾಜಿ ಸೈನಿಕರು ಬೀದಿಯಲ್ಲಿ ಮಲಗುವುದು ಕಡಿಮೆ. ಅವರು ಅಣ್ಣ ತಮ್ಮಂದಿರ ಪಡಸಾಲೆಯಲ್ಲಿ ಇರುತ್ತಾರೆ, ಕಿರಾಯಿ ಖೋಲಿಯಲ್ಲಿ ಇರುತ್ತಾರೆ, ಮಗಳ ಅತ್ತೆ ಮನೆಯಲ್ಲಿ ಸಂಕೋಚದಿಂದ ದಿನ ದೂಡುತ್ತಾರೆ. ಹೈದರಾಬಾದಿನ ಅಪಾರ್ಟ್‌ಮೆಂಟುಗಳಲ್ಲಿ, ಕಾರ್ಖಾನೆಯ ಗೇಟುಗಳಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತ, ಅಲ್ಲೇ ಕೊಟ್ಟ ಚಿಕ್ಕ ಕೋಣೆಯಲ್ಲಿ ಸಂಸಾರ ನಡೆಸುವವರೂ ಇದ್ದಾರೆ. ಕೆಲಸ ಇರುವ ತನಕ ಆ ಕೋಣೆ ಅವರದು. ವಯಸ್ಸಾಯಿತು ಎಂದು ಕೆಲಸದಿಂದ ತೆಗೆದ ದಿನ ಸೂರೂ ಹೋಗುತ್ತದೆ. ಇವರು ಯಾವ ಲೆಕ್ಕದಲ್ಲೂ ‘ಮನೆ ಇಲ್ಲದವರು’ ಅಲ್ಲ. ಆದರೆ ತಮ್ಮ ಹೆಸರಿನಲ್ಲಿ ಮನೆ ಇಲ್ಲ, ಜಾಗ ಇಲ್ಲ, ನಾಳೆ ಎಲ್ಲಿ ಎಂಬುದು ಗೊತ್ತಿಲ್ಲ. ಈ ಲೇಖನ ಮುಖ್ಯವಾಗಿ ಇವರ ಬಗ್ಗೆ.

ಸೇವೆಯಲ್ಲಿ ಸೂರು, ಬಿಟ್ಟ ಮೇಲೆ ಹುಡುಕಾಟ

ಸರ್ಕಾರಿ ಕಚೇರಿಯ ನೌಕರ ಅರವತ್ತರ ಹತ್ತಿರ ನಿವೃತ್ತನಾಗುತ್ತಾನೆ. ಅಷ್ಟು ಹೊತ್ತಿಗೆ ಮಕ್ಕಳ ಓದು ಒಂದು ದಡ ಸೇರಿರುತ್ತದೆ, ಸಾಲ ಮಾಡಿಯಾದರೂ ಒಂದು ಮನೆ ಆಗಿರುತ್ತದೆ. ಸಿಪಾಯಿಯ ಕತೆ ಬೇರೆ. ಹದಿನೆಂಟು, ಇಪ್ಪತ್ತರ ವಯಸ್ಸಿಗೆ ಭರ್ತಿಯಾದವರು ನಲವತ್ತರ ಆಸುಪಾಸಿನಲ್ಲಿ ಮನೆಗೆ ಬರುತ್ತಾರೆ. ಅಲ್ಲಿಯ ತನಕ ಬ್ಯಾರಕ್ಕು, ಟೆಂಟು, ಅದೃಷ್ಟವಿದ್ದರೆ ಎರಡು ಮೂರು ವರ್ಷ ಫ್ಯಾಮಿಲಿ ಕ್ವಾರ್ಟರ್ಸು. ಬರುವ ಹೊತ್ತಿಗೆ ಮಕ್ಕಳು ಶಾಲೆಯಲ್ಲಿ, ತಂದೆ ತಾಯಿ ಮುಪ್ಪಿನಲ್ಲಿ. ಅವರು ದೂರ ಇದ್ದ ವರ್ಷಗಳಲ್ಲಿ ಊರಿನ ಮನೆಯ ಪಾಲು ಮಾತಿನ ಮೇಲೆ ಆಗಿಹೋಗಿರುತ್ತದೆ. ಬರಹದಲ್ಲಿ ಏನೂ ಇರುವುದಿಲ್ಲ.

ಬರುವಾಗ ಕೈಗೆ ಒಂದಿಷ್ಟು ದೊಡ್ಡ ಮೊತ್ತ ಸಿಗುತ್ತದೆ. ಗ್ರಾಚ್ಯುಟಿ, ಪಿ.ಎಫ್., ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಪಡೆಯುವ ಕಮ್ಯುಟೇಶನ್ ಹಣ. ಸೈನಿಕರು ಪಿಂಚಣಿಯ ಅರ್ಧದವರೆಗೂ ಕಮ್ಯೂಟ್ ಮಾಡಿಸಬಹುದು, 15 ವರ್ಷಗಳ ನಂತರ ಅದು ಮರಳಿ ಸೇರುತ್ತದೆ. ಈ ಹಣ ಬಂದ ಸುದ್ದಿ ಊರಿಗೆಲ್ಲ ತಿಳಿಯುತ್ತದೆ. ತಂಗಿಯ ಮದುವೆ, ತಂದೆಯ ಸಾಲ, ಅಳಿಯನ ಅಂಗಡಿ, ಕೊಳವೆಬಾವಿ ಎಲ್ಲವೂ ಅದೇ ವರ್ಷ ಎದುರಿಗೆ ನಿಲ್ಲುತ್ತವೆ. ಎರಡು ವರ್ಷ ಕಳೆಯುವಷ್ಟರಲ್ಲಿ ಹಣ ಕರಗಿ, ಕಮ್ಯುಟೇಶನ್‌ನಿಂದ ಕಡಿಮೆಯಾದ ಪಿಂಚಣಿ ಮಾತ್ರ ಉಳಿಯುತ್ತದೆ. ಆದ್ದರಿಂದ ಈಗ ಸೇವೆಯಲ್ಲಿರುವ ಮಕ್ಕಳಿರುವ ಮನೆಗಳಿಗೆ ನಮ್ಮ ಮೊದಲ ಮಾತು ಇದು: ನಿವೃತ್ತಿಯ ಹಣದಲ್ಲಿ ಮೊದಲು ಜಾಗ, ಆಮೇಲೆ ಉಳಿದದ್ದು. ಸೇವೆಯಲ್ಲಿ ಇರುವಾಗಲೇ ಆರ್ಮಿ ಗ್ರೂಪ್ ಇನ್ಶೂರೆನ್ಸ್ ಫಂಡ್‌ನಿಂದ ಮನೆ ಸಾಲ ಪಡೆಯುವ ಅವಕಾಶವೂ ಇದೆ.

ಸೈನ್ಯಕ್ಕೆ ತನ್ನದೇ ಗೃಹನಿರ್ಮಾಣ ಸಂಸ್ಥೆ ಇಲ್ಲವೇ ಎಂದು ಕೇಳಬಹುದು. ಇದೆ. ಆರ್ಮಿ ವೆಲ್‌ಫೇರ್ ಹೌಸಿಂಗ್ ಆರ್ಗನೈಸೇಶನ್ 1978ರಲ್ಲಿ ಆರಂಭವಾಯಿತು. ವಾಯುಪಡೆ ಮತ್ತು ನೌಕಾಪಡೆಗೆ ಪ್ರತ್ಯೇಕ ಮಂಡಳಿ ಇದೆ. ಲಾಭ ನಷ್ಟವಿಲ್ಲದ ದರದಲ್ಲಿ ಇವು ಮನೆ ಕಟ್ಟಿಸಿ ಕೊಡುತ್ತವೆ. ಆದರೆ ಮನೆಗಳು ದೊಡ್ಡ ನಗರಗಳಲ್ಲಿ, ಬೆಲೆ ಅಲ್ಲಿನ ಭೂಮಿ ಮತ್ತು ಕಟ್ಟಡದ ಖರ್ಚಿಗೆ ತಕ್ಕಂತೆ. ನಾರಾಯಣಖೇಡದ ಹಳ್ಳಿಗೆ ಮರಳಿ ಬಂದು ನೆಲೆಸಬೇಕು ಎನ್ನುವ ಸಿಪಾಯಿಗೆ ಅದರಿಂದ ಉಪಯೋಗ ಕಡಿಮೆ.

ಮಧ್ಯದಲ್ಲಿ ಸಿಕ್ಕಿಕೊಂಡವರ ಲೆಕ್ಕ

ಕಚೇರಿಯಲ್ಲಿ ಲೆಕ್ಕ ಬರೆದು ರೂಢಿಯಾದ ಕೈ, ಆದ್ದರಿಂದ ಇದನ್ನು ಅಂಕಿಗಳಲ್ಲೇ ಹೇಳುತ್ತೇವೆ.

ಏಳನೆಯ ವೇತನ ಆಯೋಗದ ಪ್ರಕಾರ ಕನಿಷ್ಠ ಪಿಂಚಣಿ ತಿಂಗಳಿಗೆ 9,000 ರೂಪಾಯಿ. ಕುಟುಂಬ ಪಿಂಚಣಿಗೂ ಇದೇ ಕನಿಷ್ಠ. 2025ರ ಜುಲೈ 1ರಿಂದ ತುಟ್ಟಿ ಪರಿಹಾರ ಶೇ 58. ಅಂದರೆ 9,000ಕ್ಕೆ 5,220 ಸೇರಿ 14,220 ರೂಪಾಯಿ. ವರ್ಷಕ್ಕೆ 1,70,640 ರೂಪಾಯಿ. ಇದು ಅತಿ ಕಡಿಮೆ ಪಿಂಚಣಿ. ಪೂರ್ಣ ಸೇವೆ ಮುಗಿಸಿದ ಸಿಪಾಯಿ, ನಾಯಕ್, ಹವಾಲ್ದಾರರಿಗೆ ಇದಕ್ಕಿಂತ ಹೆಚ್ಚು ಬರುತ್ತದೆ.

ತೆಲಂಗಾಣದಲ್ಲಿ ಆಹಾರ ಭದ್ರತಾ ಕಾರ್ಡಿಗೆ, ಅಂದರೆ ನಾವು ಹೇಳುವ ಬಿಳಿ ರೇಶನ್ ಕಾರ್ಡಿಗೆ, ಕುಟುಂಬದ ವಾರ್ಷಿಕ ವರಮಾನದ ಮಿತಿ ಹಳ್ಳಿಯಲ್ಲಿ 1.5 ಲಕ್ಷ, ಪಟ್ಟಣದಲ್ಲಿ 2 ಲಕ್ಷ. ಹಳ್ಳಿಯಲ್ಲಿರುವ ಅತಿ ಕಡಿಮೆ ಪಿಂಚಣಿದಾರರೂ ಈ ಮಿತಿಯನ್ನು 20,640 ರೂಪಾಯಿಯಿಂದ ದಾಟುತ್ತಾರೆ. ಇಂದಿರಮ್ಮ ಮನೆ ಯೋಜನೆ ಬಡತನ ರೇಖೆಯ ಕೆಳಗಿನ ಕುಟುಂಬಗಳಿಗಾಗಿ ಇರುವುದು. ಕೇಂದ್ರದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆಯ ಯಾರೊಬ್ಬರ ವರಮಾನ ತಿಂಗಳಿಗೆ 15,000 ರೂಪಾಯಿ ಮೀರಿದರೂ ಹೆಸರು ಬಿಡುತ್ತಾರೆ. ಆ ಯೋಜನೆಯಲ್ಲಿ ಬಯಲು ಸೀಮೆಗೆ ಸಿಗುವ ನೆರವು 1.20 ಲಕ್ಷ ರೂಪಾಯಿ. ಕರ್ತವ್ಯದಲ್ಲಿ ಮಡಿದ ಸೈನಿಕರ ವಿಧವೆ ಅಥವಾ ವಾರಸುದಾರರಿಗೆ ಅದರಲ್ಲಿ ಆದ್ಯತೆ ಇದೆ ಎಂಬುದನ್ನು ಇಲ್ಲೇ ಗುರುತು ಹಾಕಿಕೊಳ್ಳಿ.

ಹಾಗಾದರೆ ಬ್ಯಾಂಕಿನ ಸಾಲ? 10 ಲಕ್ಷ ರೂಪಾಯಿ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 8,680 ರೂಪಾಯಿ ಬೀಳುತ್ತದೆ. 14,220ರಲ್ಲಿ ಅದನ್ನು ಕಳೆದರೆ ಉಳಿಯುವುದು ಐದೂವರೆ ಸಾವಿರ. ಅಷ್ಟರಲ್ಲಿ ನಾಲ್ಕು ಜನರ ಸಂಸಾರ ನಡೆಯಬೇಕು. ಹೀಗೆ ಸರ್ಕಾರದ ಕಣ್ಣಿಗೆ ಬಡವರಲ್ಲ, ಬ್ಯಾಂಕಿನ ಕಣ್ಣಿಗೆ ಸ್ಥಿತಿವಂತರಲ್ಲ. ಪಿಂಚಣಿ ಬರುವ ಸಿಪಾಯಿಯೂ ಅವರ ವಿಧವೆಯೂ ಈ ಸಂದಿಯಲ್ಲಿ ನಿಂತಿದ್ದಾರೆ.

ಪಿಂಚಣಿಯೇ ಇಲ್ಲದವರು

ಸಿಪಾಯಿಗಳಿಗೆ ಸೇವಾ ಪಿಂಚಣಿ ಸಿಗಬೇಕಾದರೆ ಸಾಮಾನ್ಯವಾಗಿ 15 ವರ್ಷ ಸೇವೆ ಆಗಿರಬೇಕು. 1962, 1965, 1971ರ ಯುದ್ಧಗಳ ಕಾಲದಲ್ಲಿ ಭರ್ತಿಯಾಗಿ, ಕೆಲವೇ ವರ್ಷಗಳಲ್ಲಿ ಬಿಡುಗಡೆಯಾಗಿ ಬಂದವರಿಗೆ ಪಿಂಚಣಿ ಇಲ್ಲ. ಅವರಲ್ಲಿ ಬದುಕಿರುವವರಿಗೆ ಈಗ ಎಪ್ಪತ್ತು ಎಂಬತ್ತು ದಾಟಿದೆ. ಬಹಳ ಕಡೆ ಅವರ ಪತ್ನಿಯರು ಮಾತ್ರ ಉಳಿದಿದ್ದಾರೆ.

ಇಂಥವರಿಗಾಗಿ ಕೇಂದ್ರೀಯ ಸೈನಿಕ ಮಂಡಳಿಯಲ್ಲಿ ‘ಪೆನ್ಯುರಿ ಗ್ರಾಂಟ್’ ಎಂಬ ಮಾಸಿಕ ನೆರವು ಇದೆ. 65 ವರ್ಷ ದಾಟಿದ, ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ, ಪಿಂಚಣಿ ಇಲ್ಲದ ಮಾಜಿ ಸೈನಿಕರಿಗೆ ಹಾಗೂ ಅಂಥವರ ವಿಧವೆಯರಿಗೆ ಇದು ಸಿಗುತ್ತದೆ. ಮೊದಲು ತಿಂಗಳಿಗೆ 4,000 ರೂಪಾಯಿ ಇತ್ತು. 2025ರ ಅಕ್ಟೋಬರ್‌ನಲ್ಲಿ ಅದನ್ನು 8,000ಕ್ಕೆ ಏರಿಸಿದರು, 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ಅನ್ವಯ. ಡಿಸೆಂಬರ್ 7ರಂದು ಶಾಲೆ ಕಚೇರಿಗಳಲ್ಲಿ ಚಿಕ್ಕ ಬಾವುಟ ಕೊಟ್ಟು ಸಂಗ್ರಹಿಸುವ ಧ್ವಜದಿನ ನಿಧಿ 1949ರಿಂದ ನಡೆದು ಬಂದಿದೆ. ಈ ನೆರವು ಆ ನಿಧಿಯಿಂದಲೇ ಬರುವುದು. ತಿಂಗಳಿಗೆ 8,000 ಎಂದರೆ ಜಹೀರಾಬಾದಿನಲ್ಲಿ ಒಂದು ಖೋಲಿಯ ಬಾಡಿಗೆ ಕೊಟ್ಟು ಊಟಕ್ಕೂ ಉಳಿಯುವ ಹಣ. ನಿಮ್ಮ ಓಣಿಯಲ್ಲಿ ಅಂಥ ಹಿರಿಯರಿದ್ದರೆ ದಯವಿಟ್ಟು ಈ ಒಂದು ವಿಷಯವನ್ನಾದರೂ ಅವರಿಗೆ ತಿಳಿಸಿ.

ಇನ್ನೊಂದು ಹೊಸ ಪೀಳಿಗೆ ಬರುತ್ತಿದೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಶೇ 25ರಷ್ಟು ಜನರನ್ನು ಮಾತ್ರ ಮುಂದುವರಿಸುವುದಾಗಿ ಯೋಜನೆ ಹೇಳಿದೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಸಿಗುತ್ತದೆ. ಪಿಂಚಣಿ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಯೋಜನೆಯ ನಿಯಮಗಳಲ್ಲಿ ಇಲ್ಲ. ಮೊದಲ ತಂಡದ ತರಬೇತಿ 2023ರ ಆರಂಭದಲ್ಲಿ ಶುರುವಾಯಿತು. ಅಂದರೆ ಅವರ ನಾಲ್ಕು ವರ್ಷ 2026ರ ಕೊನೆಗೆ, 2027ರ ಆರಂಭಕ್ಕೆ ತುಂಬುತ್ತದೆ. ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಹುಡುಗನ ಕೈಗೆ ಒಮ್ಮೆಗೇ ಹನ್ನೊಂದು ಲಕ್ಷ ಬಂದಾಗ ಪಕ್ಕದಲ್ಲಿ ಕುಳಿತು ಹೇಳುವ ಹಿರಿಯರು ಬೇಕು.

ಬಿ.ಎಸ್.ಎಫ್., ಸಿ.ಆರ್.ಪಿ.ಎಫ್., ಸಿ.ಐ.ಎಸ್.ಎಫ್. ಮುಂತಾದ ಪಡೆಗಳಲ್ಲಿ ಇದ್ದು ಬಂದವರ ಬಗ್ಗೆ ಸದಸ್ಯರು ಆಗಾಗ ಕೇಳುತ್ತಾರೆ. ಆ ಪಡೆಗಳು ಗೃಹ ಮಂತ್ರಾಲಯದ ಅಡಿಯಲ್ಲಿವೆ. ಅವರಿಗೆ ಸೈನಿಕ ಕಲ್ಯಾಣ ಕಚೇರಿಯ ಯೋಜನೆಗಳು ಅನ್ವಯಿಸುವುದಿಲ್ಲ, ಅವರ ಕಲ್ಯಾಣ ಮಂಡಳಿ ಬೇರೆ. ಅಲ್ಲಿ ಇಲ್ಲಿ ಅಲೆದು ದಿನ ಕಳೆಯುವ ಮೊದಲು ಇದು ತಿಳಿದಿದ್ದರೆ ಒಳ್ಳೆಯದು.

ಝರಾಸಂಗಂ ಸುತ್ತ ಜಾಗದ ಬೆಲೆ

ಮನೆಗೆ ನೆರವು ಸಿಕ್ಕರೂ ಕಟ್ಟಲು ಜಾಗ ಬೇಕು. ಝರಾಸಂಗಂ ಮತ್ತು ನ್ಯಾಲ್ಕಲ್ ಮಂಡಲಗಳ ಹಳ್ಳಿಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ತಯಾರಿಕಾ ವಲಯಕ್ಕೆ ಗುರುತಿಸಿದ ಭೂಮಿ 12,600 ಎಕರೆಗೂ ಹೆಚ್ಚು. 2024ರ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟ ದೇಶದ 12 ಕೈಗಾರಿಕಾ ನಗರಗಳಿಗೆ ಒಪ್ಪಿಗೆ ಕೊಟ್ಟಾಗ ಅದರಲ್ಲಿ ಜಹೀರಾಬಾದ್ ಕೂಡ ಸೇರಿತು. ಕೈಗಾರಿಕೆ ಬಂದರೆ ನಮ್ಮ ಮಕ್ಕಳಿಗೆ ಕೆಲಸ ಸಿಗುತ್ತದೆ ಎಂಬ ಆಸೆ ಎಲ್ಲರಿಗೂ ಇದೆ. ಅದರ ಜೊತೆಗೇ ಹೆದ್ದಾರಿಯ ಎರಡೂ ಬದಿಗೆ ಹೊಲಗಳು ಎಕರೆಯ ಲೆಕ್ಕ ಬಿಟ್ಟು ಗಜದ ಲೆಕ್ಕಕ್ಕೆ ಬಂದಿವೆ. ಮೊದಲು ಊರ ಅಂಚಿನಲ್ಲಿ ಒಂದು ಗುಂಟೆ, ಅಂದರೆ 121 ಚದರ ಗಜ, ನೆಂಟರ ಮಾತಿನ ಮೇಲೆ ಸಿಗುತ್ತಿತ್ತು. ಈಗ ಹಾಗೆ ಸಿಗುವುದಿಲ್ಲ.

ಇಂದಿರಮ್ಮ ಯೋಜನೆಯಲ್ಲಿ 5 ಲಕ್ಷ ರೂಪಾಯಿ ನೆರವು ನಾಲ್ಕು ಹಂತಗಳಲ್ಲಿ ಬರುತ್ತದೆ. ಮನೆ ಕನಿಷ್ಠ 400 ಚದರ ಅಡಿ ಇರಬೇಕು, ಮಂಜೂರಾತಿ ಮನೆಯ ಹೆಣ್ಣುಮಗಳ ಹೆಸರಿಗೆ. ಅರ್ಜಿಗಳನ್ನು ಪಟ್ಟಿಗಳಾಗಿ ವಿಂಗಡಿಸಿದ್ದಾರೆ: ಜಾಗ ಇದ್ದು ಮನೆ ಇಲ್ಲದವರು ಮೊದಲ ಪಟ್ಟಿ, ಜಾಗವೂ ಇಲ್ಲದವರು ಎರಡನೆಯದು. ಮೊದಲ ಹಂತದ ಮಂಜೂರಾತಿ ಜಾಗ ಇದ್ದವರಿಗೆ. 400 ಚದರ ಅಡಿ ಎಂದರೆ 45 ಗಜ ಕೂಡ ಆಗದು. ಅಷ್ಟು ಚಿಕ್ಕ ತುಂಡಾದರೂ ತಮ್ಮ ಹೆಸರಿನಲ್ಲಿ ಬರಹದಲ್ಲಿ ಇದ್ದವರು ಮುಂದೆ ಹೋಗುತ್ತಾರೆ, ಇಲ್ಲದವರು ಕಾಯುತ್ತಾರೆ. ಆದ್ದರಿಂದ ಅಣ್ಣ ತಮ್ಮಂದಿರ ನಡುವೆ ಬಾಯಿ ಮಾತಿನಲ್ಲಿ ಆದ ಪಾಲನ್ನು ನೋಂದಣಿ ಮಾಡಿಸಿಕೊಳ್ಳುವುದು ಬಹಳ ಮುಖ್ಯ.

ಸರ್ಕಾರ ಮಾಜಿ ಸೈನಿಕರಿಗೆ ಮಂಜೂರು ಮಾಡಿದ ಭೂಮಿಯ ಬಗ್ಗೆಯೂ ಒಂದು ಮಾತು. ತೆಲಂಗಾಣದಲ್ಲಿ ಬಡವರಿಗೆ ಹಂಚಿದ ಸರ್ಕಾರಿ ಜಮೀನನ್ನು 1977ರ ಕಾಯ್ದೆಯ ಪ್ರಕಾರ ಮಾರುವಂತಿಲ್ಲ. ಮಾಜಿ ಸೈನಿಕರಿಗೆ ಕೊಟ್ಟ ಭೂಮಿಗೆ ನಿಯಮ ಬೇರೆ, ಹತ್ತು ವರ್ಷ ಕಳೆದ ಮೇಲೆ ಮಾರಬಹುದು. ಆದರೆ ಎರಡನ್ನೂ ಒಂದೇ ಎಂದು ತಿಳಿದು ಇಂಥ ಜಮೀನನ್ನು ನೋಂದಣಿ ಕಾಯ್ದೆಯ 22-ಎ ನಿಷೇಧಿತ ಪಟ್ಟಿಗೆ ಸೇರಿಸಿದ ಪ್ರಸಂಗಗಳು ಇವೆ. ಪಟ್ಟಿಯಲ್ಲಿ ಇರುವ ತನಕ ಮಾರಲೂ ಬಾರದು, ಅದರ ಮೇಲೆ ಸಾಲವೂ ಹುಟ್ಟದು. ಮಂಜೂರಾತಿ ಆದೇಶದ ಪ್ರತಿ, ಡಿಸ್ಚಾರ್ಜ್ ಬುಕ್ಕು ಸಹಿತ ಕಲೆಕ್ಟರರಿಗೆ ಅರ್ಜಿ ಕೊಟ್ಟು ಪಟ್ಟಿಯಿಂದ ತೆಗೆಸಬೇಕು. ಸೋಮವಾರದ ‘ಪ್ರಜಾವಾಣಿ’ಯಲ್ಲಿ ಅರ್ಜಿ ಕೊಡಬಹುದು. ಕನ್ನಡ ಪತ್ರಿಕೆಯ ಹೆಸರಲ್ಲ ಇದು, ಕಲೆಕ್ಟರ್ ಕಚೇರಿಯಲ್ಲಿ ನಡೆಯುವ ಅಹವಾಲು ಸಭೆ.

ಒಬ್ಬರೇ ಮನುಷ್ಯರು, ನಾಲ್ಕು ಹೆಸರು

ಈಗ ನಮ್ಮ ಗಡಿಭಾಗದ ವಿಶೇಷ ತೊಂದರೆಗೆ ಬರೋಣ. 1956ರ ನವೆಂಬರ್ 1ರ ತನಕ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಆಮೇಲೆ ಆಂಧ್ರಪ್ರದೇಶ. 2014ರಲ್ಲಿ ತೆಲಂಗಾಣ. 2016ರ ಅಕ್ಟೋಬರ್ 11ರಂದು ಮೆದಕ್ ಒಡೆದು ಸಂಗಾರೆಡ್ಡಿ ಜಿಲ್ಲೆ, ರಂಗಾರೆಡ್ಡಿ ಒಡೆದು ವಿಕಾರಾಬಾದ್ ಜಿಲ್ಲೆ. ಮನೆ ಕದಲಲಿಲ್ಲ, ವಿಳಾಸ ಮಾತ್ರ ಬದಲಾಗುತ್ತ ಹೋಯಿತು. 1985ರಲ್ಲಿ ಭರ್ತಿಯಾದವರ ಡಿಸ್ಚಾರ್ಜ್ ಬುಕ್ಕಿನಲ್ಲಿ ‘ಮೆದಕ್ ಜಿಲ್ಲೆ, ಆಂಧ್ರಪ್ರದೇಶ’ ಎಂದಿದ್ದರೆ ಆಧಾರಿನಲ್ಲಿ ‘ಸಂಗಾರೆಡ್ಡಿ, ತೆಲಂಗಾಣ’ ಎಂದಿರುತ್ತದೆ.

ಹೆಸರಿನ ಕತೆ ಇನ್ನೂ ಉದ್ದ. ಸಂಗಪ್ಪ ಎಂಬ ಹೆಸರಿನವರು ಇದ್ದಾರೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಬೀದರ ಕಡೆಯ ಸೋದರಮಾವನ ಮನೆಯಲ್ಲಿ ಕನ್ನಡ ಶಾಲೆಗೆ ಹೋದಾಗ ಟಿ.ಸಿ.ಯಲ್ಲಿ ‘ಸಂಗಪ್ಪ’. ಭರ್ತಿ ಕಚೇರಿಯ ಗುಮಾಸ್ತರು ಹಿಂದಿ ಉಚ್ಚಾರದಂತೆ ಇಂಗ್ಲಿಷಿನಲ್ಲಿ ಬರೆದದ್ದು ‘ಸಾಂಗಾಪಾ’. ಇಲ್ಲಿನ ಪಟ್ಟಾ ಪಾಸ್‌ಬುಕ್ಕಿನಲ್ಲಿ ತೆಲುಗಿನಲ್ಲಿ ‘ಸಂಗಯ್ಯ’, ತಂದೆಯ ಹೆಸರು ಮುಂದೆ. ಆಧಾರಿನಲ್ಲಿ ಇನಿಶಿಯಲ್ ಹಿಂದೆ. ಪತ್ನಿಯ ಹೆಸರು ಸೇವಾ ದಾಖಲೆಯಲ್ಲಿ ಒಂದು, ವೋಟರ್ ಕಾರ್ಡಿನಲ್ಲಿ ತವರಿನ ಹೆಸರು ಇನ್ನೊಂದು. ಸಂಗಪ್ಪನವರು ಬದುಕಿರುವ ತನಕ ಇದು ಹೇಗೋ ನಡೆಯುತ್ತದೆ. ಅವರು ತೀರಿಕೊಂಡ ಮೇಲೆ ಅವರ ಪತ್ನಿಯ ಕುಟುಂಬ ಪಿಂಚಣಿ ನಿಲ್ಲುತ್ತದೆ. ಬಾಡಿಗೆ ಮೂರು ತಿಂಗಳು ಬಾಕಿಯಾದರೆ ಖೋಲಿ ಖಾಲಿ ಮಾಡಬೇಕಾಗುತ್ತದೆ. ಒಂದು ಅಕ್ಷರದ ವ್ಯತ್ಯಾಸದಿಂದ ಸೂರು ಹೋಗುವುದು ಹೀಗೆ.

ಮೂರನೆಯದು ರಾಜ್ಯದ ಗೊಂದಲ. ಬೀದರದ ನೆಂಟರ ವಿಳಾಸದಿಂದ ಭರ್ತಿಯಾದವರ ನೋಂದಣಿ ಕರ್ನಾಟಕದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಇರುತ್ತದೆ, ವಾಸ ಮಾತ್ರ ಝರಾಸಂಗಂನಲ್ಲಿ. ಕರ್ನಾಟಕದ 1969ರ ಭೂಮಂಜೂರಾತಿ ನಿಯಮಗಳಲ್ಲಿ ಸಾಗುವಳಿ ಭೂಮಿಯ ಶೇ 10 ಭಾಗ ಸೈನಿಕರಿಗೆ, ಮಾಜಿ ಸೈನಿಕರಿಗೆ ಮೀಸಲು ಎಂದಿದೆ. ಅಲ್ಲಿ ಕೇಳಿದರೆ ‘ನೀವು ತೆಲಂಗಾಣದವರು’ ಎನ್ನುತ್ತಾರೆ, ಇಲ್ಲಿ ಕೇಳಿದರೆ ‘ನಿಮ್ಮ ಹೆಸರು ಕರ್ನಾಟಕದಲ್ಲಿದೆ’ ಎನ್ನುತ್ತಾರೆ. ಇದಕ್ಕೆ ಪರಿಹಾರ ಇದೆ. ಒಂದು ಜಿಲ್ಲೆಯ ಕಚೇರಿಯಿಂದ ಇನ್ನೊಂದಕ್ಕೆ ನೋಂದಣಿ ವರ್ಗಾಯಿಸಿಕೊಳ್ಳಬಹುದು. ಈಗ ನಿಜವಾಗಿ ವಾಸಿಸುವ ಕಡೆಗೆ ನೋಂದಣಿ ತರಿಸಿಕೊಳ್ಳುವುದು ಮೊದಲ ಕೆಲಸ.

ಎಲ್ಲಿಗೆ ಹೋಗಬೇಕು, ಏನು ಮಾಡಿಸಬೇಕು

1. ಸೈನಿಕ ಕಲ್ಯಾಣ ಕಚೇರಿ: ನೋಂದಣಿ, ಗುರುತಿನ ಚೀಟಿ, ಪೆನ್ಯುರಿ ಗ್ರಾಂಟಿನ ಅರ್ಜಿ ಎಲ್ಲಕ್ಕೂ ಇದೇ ಬಾಗಿಲು. ಯುದ್ಧದಲ್ಲಿ ಮಡಿದವರ ಕುಟುಂಬ, ಯುದ್ಧದಲ್ಲಿ ಅಂಗವಿಕಲರಾದವರು ಮನೆ ಕಟ್ಟಲು ಬ್ಯಾಂಕ್ ಸಾಲ ಪಡೆದಿದ್ದರೆ ಬಡ್ಡಿಯ ಅರ್ಧ ಭಾಗ, ಗರಿಷ್ಠ 1 ಲಕ್ಷ ರೂಪಾಯಿ, ಕೇಂದ್ರೀಯ ಸೈನಿಕ ಮಂಡಳಿಯಿಂದ ಮರಳಿ ಸಿಗುತ್ತದೆ. ಇದಕ್ಕೂ ಅರ್ಜಿ ಇದೇ ಕಚೇರಿಯ ಮೂಲಕ.

2. ರೆಕಾರ್ಡ್ ಆಫೀಸು: ಹೆಸರು, ಜನ್ಮದಿನಾಂಕ, ಪತ್ನಿ ಮಕ್ಕಳ ವಿವರ ತಿದ್ದುವುದು ಇಲ್ಲಿ. ಪ್ರತಿ ರೆಜಿಮೆಂಟಿಗೂ ಪ್ರತ್ಯೇಕ ಕಚೇರಿ: ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಇ.ಎಂ.ಇ.ಯವರಿಗೆ ಸಿಕಂದರಾಬಾದ್, ಆರ್ಟಿಲರಿಯವರಿಗೆ ನಾಸಿಕ್. ಡಿಸ್ಚಾರ್ಜ್ ಬುಕ್ಕು ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿ, ಅಫಿಡವಿಟ್ ಸಹಿತ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಇಲ್ಲಿಗೇ ಬರೆಯಬೇಕು. ಸೈನಿಕ ಸಂಖ್ಯೆ ನೆನಪಿದ್ದರೆ ಅರ್ಧ ಕೆಲಸ ಆದಂತೆ.

3. ಸ್ಪರ್ಶ್: ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ. ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಮನೆಯ ಹುಡುಗರು ಇದನ್ನು ನೆನಪಿಟ್ಟು ಮಾಡಿಸಬೇಕು.

4. ಆರ್.ಡಿ.ಓ. ಕಚೇರಿ: ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆ ಇದೆ. ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟ ಮೇಲೆ ಹೊರಗೆ ಹಾಕಿಸಿಕೊಂಡ ಹಿರಿಯರಿಗೆ 2007ರ ಹಿರಿಯ ನಾಗರಿಕರ ಕಾಯ್ದೆಯ ಟ್ರಿಬ್ಯೂನಲ್ ಇಲ್ಲಿರುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು ಕಾಯ್ದೆಯ 23ನೆಯ ಕಲಂ ಪ್ರಕಾರ ರದ್ದುಗೊಳಿಸಬಹುದು. ಆದ್ದರಿಂದ ದಾನಪತ್ರ ಬರೆಸುವಾಗ ‘ನೋಡಿಕೊಳ್ಳತಕ್ಕದ್ದು’ ಎಂಬ ಮಾತು ಪತ್ರದಲ್ಲಿ ಇರಲೇಬೇಕು.

5. ತುರ್ತು ಆಸರೆ: ಪಟ್ಟಣಗಳ ರಾತ್ರಿ ವಸತಿಗೆ ರಾಷ್ಟ್ರೀಯ ನಗರ ಜೀವನೋಪಾಯ ಮಿಶನ್ ಇಟ್ಟ ಅಳತೆ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಆಸರೆ. 2011ರ ಲೆಕ್ಕದಲ್ಲಿ ಜಹೀರಾಬಾದ್ ಆಗಲಿ ತಾಂಡೂರು ಆಗಲಿ ಒಂದು ಲಕ್ಷ ಮುಟ್ಟಿಲ್ಲ. ಹಾಗಾಗಿ ಈ ಅಳತೆಯನ್ನು ನಂಬಿ ಕೂರುವಂತಿಲ್ಲ, ಇಂದು ರಾತ್ರಿ ಎಲ್ಲಿ ಎಂಬ ಪ್ರಶ್ನೆಗೆ ಊರವರೇ ಉತ್ತರ ಹುಡುಕಬೇಕು.

ಬೇರೆ ದೇಶದ ಒಂದು ಪಾಠ

ಅಮೆರಿಕದಲ್ಲಿ ಮಾಜಿ ಸೈನಿಕರು ಬೀದಿಗೆ ಬೀಳುವುದು ದೊಡ್ಡ ಸಮಸ್ಯೆ. ಅಲ್ಲಿ ಪ್ರತಿ ವರ್ಷ ಜನವರಿಯ ಒಂದು ರಾತ್ರಿ ಮನೆ ಇಲ್ಲದವರನ್ನು ಎಣಿಸುತ್ತಾರೆ, ಮಾಜಿ ಸೈನಿಕರನ್ನು ಬೇರೆಯಾಗಿ ಬರೆಯುತ್ತಾರೆ. 2010ರಲ್ಲಿ ಅವರ ಸಂಖ್ಯೆ 74 ಸಾವಿರ ದಾಟಿತ್ತು. 2024ರಲ್ಲಿ 32,882ಕ್ಕೆ ಇಳಿಯಿತು, ಅರ್ಧಕ್ಕಿಂತ ಕಡಿಮೆ. ಅದೇ ಅವಧಿಯಲ್ಲಿ ಅಲ್ಲಿ ಒಟ್ಟು ಮನೆ ಇಲ್ಲದವರ ಸಂಖ್ಯೆ ಮಾತ್ರ ಏರಿದೆ. ಸೈನಿಕರ ವಿಷಯದಲ್ಲಿ ಮಾಡಿದ್ದು ಎರಡು ಮುಖ್ಯ ಕೆಲಸ. ಒಂದು, ಬಾಡಿಗೆಗೆ ಸರ್ಕಾರದ ಚೀಟಿ ಕೊಟ್ಟು, ಅದರ ಜೊತೆಗೆ ಕಾಗದ, ಔಷಧ, ಕೆಲಸ ನೋಡಿಕೊಳ್ಳಲು ಒಬ್ಬ ಕಾರ್ಯಕರ್ತರನ್ನು ನೇಮಿಸಿದ್ದು. ಇನ್ನೊಂದು, ಊರೂರಿನಲ್ಲಿ ಹೆಸರು ಹಿಡಿದು ಪಟ್ಟಿ ಮಾಡಿ, ಒಬ್ಬೊಬ್ಬರಿಗೆ ಮನೆ ಸಿಕ್ಕ ಹಾಗೆ ಗುರುತು ಹಾಕುತ್ತ ಹೋದದ್ದು.

ಬಾಡಿಗೆ ಚೀಟಿ ಕೊಡುವ ಶಕ್ತಿ ನಮ್ಮ ಸಂಘಕ್ಕೆ ಇಲ್ಲ. ಪಟ್ಟಿ ಮಾಡುವ ಶಕ್ತಿ ಇದೆ.

ಸಂಘದಿಂದ ನಾವು ಮಾಡಬೇಕಾದದ್ದು

ಮೂರು ಪಟ್ಟಣಗಳ ನಮ್ಮ ಸದಸ್ಯರು ತಮ್ಮ ಓಣಿ, ತಮ್ಮ ಹಳ್ಳಿಯಲ್ಲಿರುವ ಮಾಜಿ ಸೈನಿಕರು ಮತ್ತು ಸೈನಿಕರ ವಿಧವೆಯರ ಹೆಸರು ಬರೆದು ತರಬೇಕೆಂದು ಕೋರುತ್ತೇವೆ. ಬರೆಯಬೇಕಾದದ್ದು ಐದು ಸಂಗತಿ: ಯಾವ ಪಡೆ, ಪಿಂಚಣಿ ಇದೆಯೇ ಇಲ್ಲವೇ, ನೋಂದಣಿ ಯಾವ ಜಿಲ್ಲೆಯಲ್ಲಿದೆ, ಈಗ ಇರುವ ಮನೆ ಯಾರ ಹೆಸರಿನಲ್ಲಿದೆ, ಕಾಗದಗಳಲ್ಲಿ ಹೆಸರು ಒಂದೇ ರೀತಿ ಇದೆಯೇ. ಅವರ ಒಪ್ಪಿಗೆ ಕೇಳಿಯೇ ಬರೆಯಿರಿ. ಈ ಪಟ್ಟಿಯನ್ನು ಎಲ್ಲೂ ಪ್ರಕಟಿಸುವುದಿಲ್ಲ, ಸಂಘದ ಕಡತದಲ್ಲಿ ಮಾತ್ರ ಇರುತ್ತದೆ.

ಸ್ವಾಭಿಮಾನಿಗಳು ಅವರು. ‘ಮನೆ ಇಲ್ಲವೇ?’ ಎಂದು ನೇರ ಕೇಳಿದರೆ ಇದೆ ಎಂದೇ ಹೇಳುತ್ತಾರೆ. ಕೂತು ಚಹಾ ಕುಡಿದು, ‘ಕಾಕಾ, ನಿಮ್ಮ ಡಿಸ್ಚಾರ್ಜ್ ಬುಕ್ಕು ಸರಿ ಇದೆಯೇ, ಒಮ್ಮೆ ನೋಡೋಣವೇ?’ ಎಂದು ಕೇಳಿದರೆ ಟ್ರಂಕು ತೆಗೆಯುತ್ತಾರೆ. ಉಳಿದ ಮಾತು ತಾನಾಗಿ ಬರುತ್ತದೆ.

ಬಂದ ಹೆಸರುಗಳನ್ನು ಮಾಸಿಕ ಸಭೆಯ ದಿನ ಒಂದು ತಾಸು ಮುಂಚೆ ಕುಳಿತು ನೋಡೋಣ. ಡಿಸ್ಚಾರ್ಜ್ ಬುಕ್ಕು, ಪಿ.ಪಿ.ಓ., ಆಧಾರ್, ರೇಶನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಜಾಗದ ಕಾಗದ ಏನಿದೆಯೋ ಅದು, ಎಲ್ಲದರ ಜೆರಾಕ್ಸ್ ತರಬೇಕು. ಮೂಲ ಕಾಗದ ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ನಾಲ್ಕೂ ಓದಿ ಬರೆಯಬಲ್ಲ ನಿವೃತ್ತ ಶಿಕ್ಷಕರು, ಗುಮಾಸ್ತರು ನಮ್ಮ ಸಂಘದಲ್ಲಿ ಸಾಕಷ್ಟು ಇದ್ದಾರೆ. ಗಡಿಯಲ್ಲಿ ಬದುಕಿ ನಾಲ್ಕು ಲಿಪಿ ಕಲಿತದ್ದು ಇಂಥ ಕೆಲಸಕ್ಕೆ ಉಪಯೋಗ ಬರಲಿ. ಅರ್ಜಿ ಬರೆಯುವುದು, ಲಗತ್ತು ಜೋಡಿಸುವುದು, ಸ್ವೀಕೃತಿ ಪಡೆಯುವುದು, ಎರಡು ತಿಂಗಳಿಗೊಮ್ಮೆ ನೆನಪಿನ ಪತ್ರ ಹಾಕುವುದು, ಇವಿಷ್ಟನ್ನು ನಾವು ಮಾಡಬಲ್ಲೆವು.

ಪಿಂಚಣಿ ಇಲ್ಲದ, 65 ದಾಟಿದ ಹಿರಿಯರ ಹೆಸರು ಇದ್ದರೆ ಸಭೆಯ ತನಕ ಕಾಯಬೇಡಿ. ಆ ಅರ್ಜಿ ಮೊದಲು ಹೋಗಲಿ.

ಇತಿ ನಿಮ್ಮ,
ಕಾರ್ಯದರ್ಶಿ